ಮಾರಿಕುಪ್ಪಕ್ಕೆ ಒಂದು ಟಿಕೆಟ್

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಸಾಕು, ಈ ಸೀಮೆಯ ಮುಖ ಯಾವ ಕಡೆಗಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಮಾರಿಕುಪ್ಪದಿಂದ ಬಂದ ರೈಲಿನ ಬಾಗಿಲಲ್ಲಿ ಜನ ಜೋತುಬಿದ್ದಿರುತ್ತಾರೆ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ಹೆಗಲಲ್ಲಿ ಊಟದ ಡಬ್ಬಿಯ ಚೀಲ. ಎಲ್ಲರೂ ಹೊರಟಿರುವುದು ಬೆಂಗಳೂರಿಗೆ. ಅಂಥದೊಂದು ಬೆಳಿಗ್ಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ಉದ್ಯಮಿಯೊಬ್ಬರು ಆ ಜನಪ್ರವಾಹಕ್ಕೆ ಎದುರಾಗಿ ನಡೆದು, ಕೆಜಿಎಫ್ ಕಡೆಗೆ ಹೋಗುವ ರೈಲು ಹತ್ತಿದರು. ಅವರ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ, ಹೈಡ್ರಾಲಿಕ್ ಸಿಲಿಂಡರಿಗೆ ಹಾಕುವ ಸೀಲುಗಳ ಮಾದರಿ, ಮನೆಯವರು ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಕೆಜಿಎಫ್‌ಗೆ ಅವರು ಬಂದದ್ದು ಅದೇ ಮೊದಲು.

ಬೆಂಗಳೂರಿನಲ್ಲಿ ಸಿಕ್ಕ ಪರಿಚಯದವರು ಕಾರು ಮಾಡಿಕೊಂಡು ಹೋಗಿ, ಸಂಜೆಯೊಳಗೆ ಮುಗಿಸಿ ಬನ್ನಿ ಎಂದಿದ್ದರು. ಸುಮಾರು ನೂರು ಕಿಲೋಮೀಟರ್ ದಾರಿ, ಅದು ಆಗದ ಮಾತೇನಲ್ಲ. ಆದರೂ ಅವರು ರೈಲನ್ನೇ ಆರಿಸಿಕೊಂಡರು, ಒಂದು ರಾತ್ರಿ ಉಳಿಯುವುದೆಂದೂ ತೀರ್ಮಾನಿಸಿದರು. ಕೆಲಸದ ಮೇಲೆ ಒಬ್ಬಂಟಿಯಾಗಿ ಊರೂರು ತಿರುಗುವುದೂ ಒಂದು ವಿದ್ಯೆ. ಅದರ ಮೊದಲ ಪಾಠ ಅವರಿಗೆ ಸಿದ್ಧಿಸಿತ್ತು: ಊರಿಗೆ ಊರಿನವರು ಹೋಗುವ ದಾರಿಯಲ್ಲೇ ಹೋಗಬೇಕು.

ಟಿಕೆಟ್ಟಿನ ವಿಷಯದಲ್ಲೇ ಒಂದು ಕಥೆಯಿದೆ. ಬಂಗಾರಪೇಟೆ ನಿಲ್ದಾಣಕ್ಕೆ ರೈಲ್ವೆ ಇಟ್ಟಿರುವ ಸಂಕೇತಾಕ್ಷರ ‘ಬಿಡಬ್ಲ್ಯುಟಿ’. ಬಂಗಾರಪೇಟೆ ಎಂಬ ಹೆಸರಿನಲ್ಲಿ ‘ಡಬ್ಲ್ಯು’ ಎಲ್ಲಿಂದ ಬಂತು? 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರಿಂದ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೂ ಅವರದೇ ಹೆಸರು. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ 1864ರಲ್ಲಿ ರೈಲು ಓಡತೊಡಗಿತು. ಈ ಊರು ಬೌರಿಂಗ್‌ಪೇಟೆ ಎನಿಸಿಕೊಂಡಿತು. ಮುಂದೆ ಜನ ಅದನ್ನು ಬಂಗಾರಪೇಟೆ ಮಾಡಿಕೊಂಡರು. ಪಕ್ಕದಲ್ಲೇ ಚಿನ್ನದ ಗಣಿ ಇರುವಾಗ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದು ಇರಲಾರದು. ಬೋರ್ಡು ಬದಲಾಯಿತು, ಸಂಕೇತ ಮಾತ್ರ ಹಾಗೇ ಉಳಿಯಿತು.

ಇಲ್ಲಿಂದ ಮಾರಿಕುಪ್ಪದ ಕಡೆಗೆ ಹೋಗುವುದು ಗಣಿಗಾಗಿಯೇ 1894ರಲ್ಲಿ ಹಾಕಿದ ಕವಲು ಹಳಿ. ಉದ್ದ 16 ಕಿಲೋಮೀಟರ್. ಬೆಮಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪ. ಎದುರು ದಿಕ್ಕಿನ ರೈಲಾದ್ದರಿಂದ ಬೋಗಿ ಮುಕ್ಕಾಲು ಪಾಲು ಖಾಲಿ. ಕಿಟಕಿಯ ಪಕ್ಕ ಕೂತ ಹುಬ್ಬಳ್ಳಿಯವರಿಗೆ ಮೊದಲು ಕಂಡದ್ದು ಬಂಡೆಗುಡ್ಡ, ನೀಲಗಿರಿ, ರಾಗಿ ಹೊಲ. ಆಮೇಲೆ ಒಮ್ಮೆಗೇ ಬೂದುಬಣ್ಣದ, ನೆತ್ತಿ ಸಮತಟ್ಟಾದ, ಮಗ್ಗುಲೆಲ್ಲ ಮಳೆಗೆ ಕೊರೆದುಹೋದ ಗುಡ್ಡಗಳು. ಈ ಗುಡ್ಡಗಳನ್ನು ಅವರು ಮೊದಲೇ ನೋಡಿದ್ದರು, ಪರದೆಯ ಮೇಲೆ. 2018ರಲ್ಲಿ ಬಂದ ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್’ ಸಿನಿಮಾದ ಚಿತ್ರೀಕರಣ ನಡೆದದ್ದು ಇಲ್ಲಿಯೇ.

ಇಲ್ಲಿಯವರು ಅವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಆಳದಿಂದ ತಂದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದಮೇಲೆ ಉಳಿದ ಪುಡಿ ಅದು. ಒಂದು ಟನ್ ಕಲ್ಲಿಗೆ ಸಿಗುತ್ತಿದ್ದ ಚಿನ್ನ ಗ್ರಾಂಗಳ ಲೆಕ್ಕದ್ದು, ಮಿಕ್ಕದ್ದೆಲ್ಲ ಗುಡ್ಡಕ್ಕೆ. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸುಮಾರು 800 ಟನ್. ಆ ಚಿನ್ನ ಎಲ್ಲೆಲ್ಲಿಗೋ ಹೋಯಿತು, ಪುಡಿ ಇಲ್ಲಿಯವರ ಪಾಲಿಗೆ ಬಂತು. ಗಾಳಿ ಬೀಸುವ ತಿಂಗಳುಗಳಲ್ಲಿ ಅದು ಮನೆಯೊಳಗೆ, ತಟ್ಟೆಯೊಳಗೆ ಬರುತ್ತದೆ. ಸಿನಿಮಾದಲ್ಲಿ ಭವ್ಯವಾಗಿ ಕಂಡ ಗುಡ್ಡದ ಬುಡದಲ್ಲಿ ಒಗೆದ ಬಟ್ಟೆ ಹರವಿದ್ದನ್ನು ನೋಡಿದ ಹುಬ್ಬಳ್ಳಿಯವರಿಗೆ ಮನಸ್ಸು ಕೆಟ್ಟಿತು. ಅದು ಕೆಡಬೇಕಾದದ್ದೇ.

ಅವರು ಬಂದ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ಭಾರೀ ಯಂತ್ರಗಳ ಊರು ಇದು. 1964ರಲ್ಲಿ ಹುಟ್ಟಿದ ಬೆಮಲ್ ಸಂಸ್ಥೆ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳನ್ನು ಇಲ್ಲಿ ಮಾಡುತ್ತದೆ. ಅದರ ಸುತ್ತ ಬಿಡಿಭಾಗಗಳ ಚಿಕ್ಕ ಪುಟ್ಟ ಕಾರ್ಖಾನೆಗಳು. ಅಂಥದೊಂದರಲ್ಲಿ ಅವರ ಸೀಲುಗಳನ್ನು ಕೈಯಲ್ಲಿ ಮಡಿಸಿ, ಎಳೆದು, ಅಳೆದು ನೋಡಿದರು. ‘ಒಂದು ಸಣ್ಣ ಲಾಟ್ ಕಳಿಸಿ, ನೋಡೋಣ’ ಎಂದರು. ಇಲ್ಲಿಯ ಫಿಟ್ಟರುಗಳಿಗೆ ವಸ್ತುವನ್ನು ಬೆರಳಲ್ಲೇ ಓದುವ ಅಭ್ಯಾಸ ಉಂಟು. ವ್ಯಾಪಾರಕ್ಕೆ ಬಂದವನಿಗೆ ಇಂಥ ಕೈಗಳನ್ನು ಕಾಣುವುದೇ ಒಂದು ಸಂತೋಷ.

ಒಬ್ಬರೇ ಬಂದು ಇಲ್ಲಿ ವ್ಯವಹಾರ ಕುದುರಿಸಲು ನೋಡಿದವರಲ್ಲಿ ಅವರು ಮೊದಲಿಗರಲ್ಲ. 1871ರಲ್ಲಿ ಮೈಕೆಲ್ ಲಾವೆಲ್ ಎಂಬ ಐರಿಷ್ ನಿವೃತ್ತ ಸೈನಿಕ ಬೆಂಗಳೂರು ದಂಡಿನಿಂದ ಎತ್ತಿನ ಗಾಡಿ ಕಟ್ಟಿಸಿಕೊಂಡು ಈ ಕಡೆ ಬಂದಿದ್ದ. ನ್ಯೂಜಿಲೆಂಡಿನಲ್ಲಿದ್ದಾಗ ಚಿನ್ನದ ಗಣಿಗಳನ್ನು ಕಂಡಿದ್ದವನು. ಸರ್ವೆಗೆಂದು ಬಂದಿದ್ದ ಜಾನ್ ವಾರೆನ್ ಇಲ್ಲಿಯ ಚಿನ್ನದ ಬಗ್ಗೆ 1804ರಲ್ಲಿ ಬರೆದಿದ್ದ ನಾಲ್ಕು ಪುಟದ ವರದಿ ಅವನ ಕೈಗೆ ಸಿಕ್ಕಿತ್ತು. ಊರಿಗಾಂ ಹಳ್ಳಿಯವರು ಮಣ್ಣನ್ನು ನೀರಿನಲ್ಲಿ ತೊಳೆದು ಚಿನ್ನದ ಕಣ ತೆಗೆದು ತೋರಿಸಿದ ಸಂಗತಿ ಅದರಲ್ಲಿತ್ತು. ಲಾವೆಲ್ 1873ರಲ್ಲಿ ಅರ್ಜಿ ಹಾಕಿದ, 1875ರಲ್ಲಿ ಪರವಾನಗಿ ಪಡೆದ. ಅಗೆಯುವಷ್ಟು ಹಣ ಮಾತ್ರ ಅವನಲ್ಲಿರಲಿಲ್ಲ. ಹಕ್ಕು ಬೇರೆಯವರ ಕೈಗೆ ಹೋಯಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದಮೇಲೆಯೇ ಗಣಿ ಗಣಿಯಾದದ್ದು. ಲಾವೆಲ್ ಹೆಸರು ಈಗ ಬೆಂಗಳೂರಿನ ಒಂದು ರಸ್ತೆಗಿದೆ. ವ್ಯವಹಾರಕ್ಕಲ್ಲದೆ ಬರೀ ಹೊಟ್ಟೆಪಾಡಿಗೆ ಇಲ್ಲಿಗೆ ಬಂದವರೂ ಇದ್ದರು. ಮುಳಬಾಗಿಲಿನ ಹುಡುಗನೊಬ್ಬ ಮೆಟ್ರಿಕ್ ದಾಟಲಾಗದೆ ಈ ಗಣಿ ಸೀಮೆಯ ಸೋಡಾ ಕಾರ್ಖಾನೆಯಲ್ಲಿ ಕೆಲಕಾಲ ದುಡಿದಿದ್ದ. ಅವನೇ ಮುಂದೆ ಕವಿ ಡಿ.ವಿ.ಜಿ. ಆದದ್ದು.

ಮಧ್ಯಾಹ್ನದ ಬಿಡುವಿನಲ್ಲಿ ಹುಬ್ಬಳ್ಳಿಯವರು ನೋಡಬೇಕೆಂದುಕೊಂಡಿದ್ದು ಗಣಿಯನ್ನೇ. ಆಟೋದವರು ಕೇಳಿದ್ದು ಬೇರೆ: “ಕೋಟಿಲಿಂಗಾನಾ ಸಾರ್?” ಹೊರಗಿನಿಂದ ಬಂದವರೆಲ್ಲ ಕಮ್ಮಸಂದ್ರದ 108 ಅಡಿ ಎತ್ತರದ ಲಿಂಗ ನೋಡಲು ಹೋಗುವವರೆಂದೇ ಅವರ ಲೆಕ್ಕ. ಶಾಫ್ಟ್ ನೋಡಬೇಕು ಎಂದಾಗ ಆಟೋದವರು ಒಂದು ಗಳಿಗೆ ಸುಮ್ಮನಾಗಿ, “ಒಳಗ್ ಬಿಡಲ್ಲ ಸಾರ್, ಹೊರಗಿಂದ ನೋಡ್ಕೊಂಡು ಬರಬೋದು” ಎಂದರು.

ಹೊರಗಿನಿಂದಲೇ ನೋಡಿದ್ದಾಯಿತು. ತುಕ್ಕು ಹಿಡಿದ ಕಬ್ಬಿಣದ ಗೋಪುರ, ಅದರ ನೆತ್ತಿಯಲ್ಲಿ ನಿಂತುಹೋದ ಗಾಲಿ, ಸುತ್ತ ಮುಳ್ಳುಗಿಡ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ತಳದಲ್ಲಿ ಬಂಡೆಯ ಕಾವು 60 ಡಿಗ್ರಿ ಮೀರುತ್ತಿತ್ತು. ಒತ್ತಡ ತಾಳದೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಇಂಥ ಗಣಿಗೆಂದೇ ಶಿವನಸಮುದ್ರದಿಂದ 148 ಕಿಲೋಮೀಟರ್ ತಂತಿ ಎಳೆದು 1902ರ ಜೂನ್ 30ರಂದು ವಿದ್ಯುತ್ ತಂದರು. ಅಲ್ಲಿಯ ವಿದ್ಯುತ್ ಜನರೇಟರುಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಇನ್ನೂ ಮೂರು ವರ್ಷ ತಡವಾಗಿ, 1905ರಲ್ಲಿ.

ಇನ್ನೊಂದು ಸಂಗತಿಯನ್ನು ಇಲ್ಲಿಗೆ ಬರುವ ಪ್ರತಿಯೊಬ್ಬರಿಗೂ ಕೂರಿಸಿ ಹೇಳಬೇಕು. 1965ರಲ್ಲಿ ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟಿನಲ್ಲಿ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ಆಕಾಶದಿಂದ ಸುರಿಯುವ ಬೇರೆ ಕಣಗಳನ್ನೆಲ್ಲ ಅಷ್ಟು ದಪ್ಪದ ಬಂಡೆ ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ಹಾದುಬರುತ್ತದೆ. ಲೋಕದ ಭೌತಶಾಸ್ತ್ರಕ್ಕೆ ಈ ಊರಿನ ಆಳ ಬೇಕಾಗಿತ್ತು. ಇಷ್ಟು ದೊಡ್ಡ ಚರಿತ್ರೆಯ ಮುಂದೆ ನಿಂತವನಿಗೆ ಕಾಣುವುದು ಒಂದು ಬೀಗ, ಒಂದಷ್ಟು ಮುಳ್ಳು. ಹುಬ್ಬಳ್ಳಿಯವರ ನಿರಾಸೆ ನ್ಯಾಯವಾದದ್ದು.

ನಿರಾಸೆ ಅಲ್ಲಿಗೇ ಮುಗಿಯಲಿಲ್ಲ. ರಾತ್ರಿ ತಂಗಿದ ಲಾಡ್ಜಿನಲ್ಲಿ ನಲ್ಲಿಗೆ ನೀರಿರಲಿಲ್ಲ, ಬಕೆಟ್ಟಿನಲ್ಲಿ ತಂದಿಟ್ಟರು. ಗೋಡೆಯಲ್ಲಿ ತೇವ, ಮಂಚದಲ್ಲಿ ಕಿರುಗುಟ್ಟು. ಲೆಕ್ಕ ಬರೆಯಲು ಕೂರೋಣವೆಂದರೆ ಕೋಣೆಯಲ್ಲಿ ಮೇಜಿರಲಿಲ್ಲ.

ರಾಬರ್ಟ್‌ಸನ್‌ಪೇಟೆಯ ಸಂಜೆ ಮಾತ್ರ ಅವರ ಮನಸ್ಸನ್ನು ಪೂರ್ತಿ ತಿರುಗಿಸಿತು. ಗೆರೆ ಎಳೆದು ಕಟ್ಟಿದ ಪೇಟೆ ಇದು. ಉದ್ದಕ್ಕೂ ಅಡ್ಡಕ್ಕೂ ನೇರ ಬೀದಿಗಳು. ಹೊಸಬ ದಾರಿ ತಪ್ಪಿದರೂ ಎರಡು ತಿರುವಿನಲ್ಲಿ ಮತ್ತೆ ಎಂ.ಜಿ. ಮಾರುಕಟ್ಟೆಗೇ ಬಂದು ಮುಟ್ಟುತ್ತಾನೆ. ಹೂವಿನ ಅಂಗಡಿಯಲ್ಲಿ ತಮಿಳು, ಬಟ್ಟೆ ಅಂಗಡಿಯಲ್ಲಿ ತೆಲುಗು, ಔಷಧಿ ಅಂಗಡಿಯಲ್ಲಿ ಉರ್ದು. ಇವರು ಕನ್ನಡದಲ್ಲಿ ಕೇಳಿದ್ದಕ್ಕೆ ಮೂರೂ ಕಡೆ ಕನ್ನಡದಲ್ಲೇ ಉತ್ತರ ಬಂತು, ಆಯಾ ಭಾಷೆಯ ರಾಗದಲ್ಲಿ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದು ಗಣಿಗಿಳಿದವರ ಮೊಮ್ಮಕ್ಕಳು, ಮರಿಮಕ್ಕಳು ಇವರೆಲ್ಲ. ರಾತ್ರಿಯ ಊಟಕ್ಕೆ ಸಿಕ್ಕದ್ದು ಸಣ್ಣಕ್ಕಿಯ ಬಿರಿಯಾನಿ, ಆಂಬೂರಿನ ಕಡೆಯ ಕೈರುಚಿ. ರೊಟ್ಟಿಯ ಗಂಟು ಬ್ಯಾಗಿನಲ್ಲೇ ಉಳಿಯಿತು.

ಟೀ ಅಂಗಡಿಯ ಬೆಂಚಿನ ಮೇಲೆ ಹಿರಿಯರೊಬ್ಬರು ಕೂತಿದ್ದರು. “ಎಲ್ಲಿಂದ ಸಾರ್?”

“ಹುಬ್ಬಳ್ಳಿಯಿಂದ್ರೀ.”

“ಅಷ್ಟು ದೂರದಿಂದಾ? ಕುತ್ಕೊಳಿ ಸಾರ್.” ಟೀ ಬಂತು. ಅವರ ತಂದೆಯೂ ಗಣಿ, ಅವರೂ ಗಣಿ. 1972ರಿಂದ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಆ ದಿನಾಂಕವನ್ನು ಅವರು ಮನೆಯ ತಿಥಿ ಹೇಳುವಂತೆ ಹೇಳಿದರು. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲೇ ಮನೆ ಮಾಡಬಾರದೇ ಎಂದರೆ, “ಬಾಡಿಗೆ ಯಾರು ಕೊಡ್ತಾರೆ ಸಾರ್? ಇಲ್ಲಿ ನಮ್ಮ ಲೈನಲ್ಲಿ ಎಲ್ಲಾರೂ ಇದಾರೆ. ರೈಲಿದೆ. ನಾವು ಶಿಫ್ಟಿಗೆ ಕೆಳಗ್ ಇಳೀತಿದ್ವಿ, ಅವರು ರೈಲ್ ಹತ್ತುತಾರೆ” ಎಂದರು. ಟೀ ದುಡ್ಡು ಕೊಡಲು ಇವರನ್ನು ಬಿಡಲೇ ಇಲ್ಲ.

ಮರುದಿನ ಇನ್ನೆರಡು ಕಾರ್ಖಾನೆಗಳಿಗೆ ಹೋಗಿ, ಸಂಜೆ ಬಂಗಾರಪೇಟೆಗೆ ಮರಳಿದವರು ಪಾನಿಪುರಿ ಗಾಡಿ ಹುಡುಕಿದರು. ಬೆಂಗಳೂರಿನ ಬೀದಿಬೀದಿಯಲ್ಲಿ ‘ಬಂಗಾರಪೇಟೆ ಚಾಟ್ಸ್’ ಬೋರ್ಡು ನೋಡಿದವರಿಗೆ ಮೂಲದ ರುಚಿ ನೋಡಬೇಕೆನ್ನಿಸುವುದು ಸಹಜ. ಇಲ್ಲಿಯ ಪಾನಿಗೆ ಹಸಿರು ಬಣ್ಣವಿಲ್ಲ, ಕೆಂಪಿಲ್ಲ. ಕುಡಿಯುವ ನೀರಿನಷ್ಟು ತಿಳಿ. ಸಪ್ಪೆಯಿರಬಹುದೆಂದು ಬಾಯಿಗೆ ಹಾಕಿಕೊಂಡವರ ಕಿವಿಯವರೆಗೆ ಖಾರ ಏರುತ್ತದೆ, ಮರುಗಳಿಗೆಯೇ ಇನ್ನೊಂದು ಬೇಕೆನ್ನಿಸುತ್ತದೆ. ಕಣ್ಣಿಗೆ ಏನೂ ತೋರಿಸದೆ ನಾಲಿಗೆಗೆ ಎಲ್ಲವನ್ನೂ ಕೊಡುವ ಈ ತಿಂಡಿ ಕರ್ನಾಟಕದ ಬೀದಿ ಅಡುಗೆಯ ದೊಡ್ಡ ಸಾಧನೆಗಳಲ್ಲೊಂದು. ಎರಡನೆಯ ಪ್ಲೇಟಿಗೆ ಹುಬ್ಬಳ್ಳಿಯವರ ಕಣ್ಣಲ್ಲಿ ನೀರು.

ಅಷ್ಟರಲ್ಲಿ ಬೆಂಗಳೂರಿನಿಂದ ರೈಲು ಬಂತು. ನಿನ್ನೆ ಬೆಳಿಗ್ಗೆ ಎದುರಾಗಿದ್ದ ಅದೇ ಪ್ರವಾಹ ಈಗ ತಿರುಗಿ ಬರುತ್ತಿತ್ತು. ಡಬ್ಬಿಗಳು ಖಾಲಿ, ಗುರುತಿನ ಚೀಟಿಗಳು ಅಂಗಿಯ ಜೇಬಿನೊಳಗೆ. ಕೆಲವರು ಇಳಿದು ಗಾಡಿಯ ಸುತ್ತ ಕೈ ಚಾಚಿ ನಿಂತರು. ಉಳಿದವರು ಕೋರಮಂಡಲ್, ಊರಿಗಾಂ, ಚಾಂಪಿಯನ್ ಕಡೆಗೆ.

“ಬೆಂಗಳೂರಿಗಾ ಸಾರ್?” ಗಾಡಿಯ ಹುಡುಗ ಚಿಲ್ಲರೆ ಎಣಿಸುತ್ತ ಕೇಳಿದ.

“ಹೂನಪಾ. ಮುಂದಿನ ತಿಂಗಳ ಮತ್ತ ಬರ್ತೀನಿ, ಮಾಲು ತಗೊಂಡು.”