ಆಟದ ಹೊಟ್ಟೆಯೊಳಗೆ ಇಣುಕಿದಾಗ

ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಮ್ ಬರೆಯುವ ಸ್ಕ್ರ್ಯಾಚ್ ತಾಣದಲ್ಲಿ ಮಕ್ಕಳು ಮಾಡಿ ಹಾಕಿದ ಯಾವ ಆಟ ಕಣ್ಣಿಗೆ ಬಿದ್ದರೂ, ಆಟ ಶುರುಮಾಡುವ ಹಸಿರು ಬಾವುಟವನ್ನು ನಾನು ಒತ್ತುವುದು ಆಮೇಲೆ. ಮೊದಲು ಒಳಗಿನ ಬ್ಲಾಕುಗಳನ್ನು ತೋರಿಸುವ ‘ಸೀ ಇನ್‌ಸೈಡ್’. ಚಿತ್ರ ಕಣ್ಣು ಕುಕ್ಕುವಂತಿದ್ದು, ಒಳಗೆ ಬ್ಲಾಕುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಆಟಗಳುಂಟು. ಬರೀ ಕಪ್ಪು ಚೌಕವೊಂದು ಕುಪ್ಪಳಿಸುತ್ತಿದ್ದರೂ ಒಳಗೆ ಇಣುಕಿದರೆ ಭೇಷ್ ಅನ್ನಿಸುವಂಥವೂ ಉಂಟು.

ಕುಪ್ಪಳಿಸುವುದನ್ನೇ ತೆಗೆದುಕೊಳ್ಳಿ. ಹೊಸಬರು ‘ಸ್ಪೇಸ್ ಒತ್ತಿದರೆ 50 ಮೇಲೆ ಹೋಗು, ಆಮೇಲೆ 50 ಕೆಳಗೆ ಬಾ’ ಎಂದು ಜೋಡಿಸುತ್ತಾರೆ. ಪರದೆಯ ಮೇಲಿನ ಬೆಕ್ಕು ಜಿಗಿಯುವುದಿಲ್ಲ, ಯಾರೋ ಎತ್ತಿ ಇಳಿಸಿದಂತಿರುತ್ತದೆ. ಬಲ್ಲವರು ‘ವೇಗ’ ಎಂಬ ವೇರಿಯಬಲ್ ಇಟ್ಟುಕೊಳ್ಳುತ್ತಾರೆ. ಜಿಗಿಯುವಾಗ ಅದು 12. ಲೂಪಿನ ಪ್ರತಿ ಸುತ್ತಿನಲ್ಲೂ ಅದರಿಂದ 1 ಕಳೆದು, ಉಳಿದಷ್ಟು ಬೆಕ್ಕನ್ನು ಮೇಲಕ್ಕೆ ಸರಿಸುತ್ತಾರೆ. ಸೊನ್ನೆ ಮುಟ್ಟಿದಾಗ ಬೆಕ್ಕು ತುತ್ತತುದಿಯಲ್ಲಿ. ಅಲ್ಲಿಂದಾಚೆ ಋಣ ಸಂಖ್ಯೆಗಳು, ಬೀಳುವ ವೇಗ ತಾನಾಗಿ ಏರುತ್ತದೆ. ನೆಲ ತಾಗಿದರೆ ಮತ್ತೆ ಸೊನ್ನೆ. ಗುರುತ್ವಾಕರ್ಷಣೆಯ ಪಾಠ ಇನ್ನೂ ಬಾರದ ತರಗತಿಯ ಹುಡುಗಿಯೊಬ್ಬಳು ಇದನ್ನು ರೀಮಿಕ್ಸ್ ಮಾಡಿ, ಅಂದರೆ ತನ್ನದೊಂದು ಪ್ರತಿಯಾಗಿ ಬದಲಿಸಿ, ಆ 1ನ್ನು 0.2ಕ್ಕೆ ಇಳಿಸಿದರೆ ಸಾಕು, ಬೆಕ್ಕು ಹೆಚ್ಚುಕಡಿಮೆ ಚಂದ್ರನ ಮೇಲೆ. (ಅಲ್ಲಿನ ಸೆಳೆತ ಭೂಮಿಯ ಆರನೇ ಒಂದು ಪಾಲು, ಅಷ್ಟು ವ್ಯತ್ಯಾಸವನ್ನು ಮನ್ನಿಸೋಣ.)

ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಮತ್ತು ಸಂಗಡಿಗರು 2007ರಲ್ಲಿ ಸ್ಕ್ರ್ಯಾಚ್ ಅನ್ನು ಎಲ್ಲರಿಗೂ ತೆರೆದಿಟ್ಟರು. ರೆಸ್ನಿಕ್ ಅವರ ಗುರು ಸೀಮೋರ್ ಪೇಪರ್ಟ್, 1967ರಲ್ಲಿ ಮಕ್ಕಳಿಗಾಗಿ ‘ಲೋಗೊ’ ಭಾಷೆ ಕಟ್ಟಿದವರಲ್ಲಿ ಒಬ್ಬರು. ಆದೇಶದಂತೆ ಚಲಿಸಿ ಗೆರೆ ಎಳೆಯುವ ಲೋಗೊ ಆಮೆಯಿಂದ ಚಿತ್ರ ಬಿಡಿಸುತ್ತಿದ್ದ ಮಗು ಸಾಮಾನ್ಯವಾಗಿ ತನ್ನ ತರಗತಿಯವರಿಗಷ್ಟೇ ಅದನ್ನು ತೋರಿಸಬಹುದಿತ್ತು. ಸ್ಕ್ರ್ಯಾಚ್‌ನಲ್ಲಿ ಹಂಚಿದ್ದೆಲ್ಲ ಜಗತ್ತಿನ ಕಣ್ಣಿಗೆ ಬೀಳುತ್ತದೆ, ಒಳಗಿನ ಬ್ಲಾಕುಗಳ ಸಮೇತ. ಯಾರು ಬೇಕಾದರೂ ಅದನ್ನು ಬದಲಿಸಿ ತಮ್ಮದೊಂದು ಆವೃತ್ತಿ ಮಾಡಬಹುದು. ಹಂಚುವವರೆಲ್ಲ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹಂಚುವುದರಿಂದ ಅದಕ್ಕೆ ಅಡ್ಡಿಯಿಲ್ಲ.

ಹಾಗಂತ ಜಗಳಗಳಿಗೇನೂ ಕೊರತೆಯಿಲ್ಲ. ‘ನನ್ನ ಆಟ ಕದ್ದರು’ ಎಂಬ ದೂರು ಮೊದಲಿನಿಂದಲೂ ಇತ್ತು. ಇದಕ್ಕೆಂದೇ ಮೂಲ ಕರ್ತೃವಿನ ಹೆಸರನ್ನು ತಾನಾಗಿ ತೋರಿಸುವ ಸಾಲನ್ನು ತಾಣದವರು ಸೇರಿಸಿದರು. ಮಕ್ಕಳಿಗೆ ಅದು ಸಾಲಲಿಲ್ಲ. ಆಂಡ್ರೆಸ್ ಮೊನ್ರೊಯ್-ಹೆರ್ನಾಂಡೆಜ್, ಬೆಂಜಮಿನ್ ಮ್ಯಾಕೊ ಹಿಲ್ ಮೊದಲಾದವರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ಯಂತ್ರ ತೋರಿಸುವ ಹೆಸರಿಗಿಂತ, ರೀಮಿಕ್ಸ್ ಮಾಡಿದವರು ಕೈಯಾರೆ ಟೈಪಿಸಿ ಹೇಳಿದ ಕೃತಜ್ಞತೆಗೇ ಮಕ್ಕಳಲ್ಲಿ ಬೆಲೆ. ನಮ್ಮ ಬೀದಿಗಳಲ್ಲಿ ಎದುರು ಮನೆಯ ಚುಕ್ಕಿ ರಂಗೋಲಿ ನೋಡಿ, ನಾಲ್ಕು ಎಳೆ ಸೇರಿಸಿ ತಮ್ಮ ಅಂಗಳದಲ್ಲಿ ಹಾಕುವವರಿಗೂ ಈ ಸೂಕ್ಷ್ಮ ಗೊತ್ತು. ನೋಡಿ ಕಲಿತದ್ದಕ್ಕೆ ಯಾರ ಆಕ್ಷೇಪವೂ ಇಲ್ಲ, ‘ಯಾರದ್ದು’ ಅಂತ ಕೇಳಿದಾಗ ಬಾಯಿ ಬಿಡದಿದ್ದರೆ ಮಾತ್ರ ಮುನಿಸು.

ಪ್ರಾಜೆಕ್ಟಿನ ಕೆಳಗಿನ ಹೃದಯ, ನಕ್ಷತ್ರಗಳ ಲೆಕ್ಕವನ್ನು ನಾನು ನೋಡುವುದಿಲ್ಲ. ರೀಮಿಕ್ಸ್‌ಗಳೆಷ್ಟು, ಅವುಗಳಲ್ಲಿ ಮೂಲವನ್ನು ಮೀರಿದ್ದು ಯಾವುದು ಎಂದು ಹುಡುಕುತ್ತೇನೆ. ಕೋಡಿಂಗ್ ಕ್ಲಾಸುಗಳ ಹೆಸರಲ್ಲಿ ಎಲ್ಲ ಮಕ್ಕಳಿಂದಲೂ ಒಂದೇ ಆಪಲ್ ಹಿಡಿಯುವ ಆಟ ಮಾಡಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸುವವರ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಆ ಆಟಗಳೆಲ್ಲ ಪಡಿಯಚ್ಚು. ಆಪಲ್ ಬದಲು ಒಂದು ಹಲಸಿನಕಾಯಿಯನ್ನಾದರೂ ಬೀಳಿಸಿದ ಮಗು ಅಲ್ಲಿ ಸಿಕ್ಕಿದ್ದರೆ ಎಷ್ಟು ಖುಷಿಯಾಗುತ್ತಿತ್ತು!

ಮಕ್ಕಳ ಜಾಣ್ಮೆ ಬಯಲಾಗುವುದು ಅವರನ್ನು ಕಟ್ಟಿಹಾಕಿದಾಗ. ಸ್ಕ್ರ್ಯಾಚ್‌ನ ಕ್ಲೌಡ್ ವೇರಿಯಬಲ್ ಅನ್ನು ಒಂದೇ ಆಟ ಆಡುತ್ತಿರುವವರೆಲ್ಲ ಹಂಚಿಕೊಳ್ಳಬಹುದು, ಆದರೆ ಅದರಲ್ಲಿ ಅಂಕೆಗಳನ್ನು ಬಿಟ್ಟು ಬೇರೇನೂ ಹಿಡಿಸುವುದಿಲ್ಲ. ಹಾಗಾದರೆ ಹೆಚ್ಚು ಅಂಕ ಗಳಿಸಿದವರ ಹೆಸರನ್ನು ಬರೆಯುವುದು ಹೇಗೆ? ‘ಎ’ಗೆ 01, ‘ಬಿ’ಗೆ 02 ಎಂದು ಪಟ್ಟಿ ಮಾಡಿ, ಹೆಸರನ್ನೇ ಉದ್ದನೆಯ ಸಂಖ್ಯೆಯಾಗಿಸಿ ಕಳಿಸಿ, ಆ ಕಡೆ ಎರಡೆರಡು ಅಂಕೆ ಕತ್ತರಿಸಿ ಓದಿಕೊಳ್ಳುತ್ತಾರೆ. ಎನ್‌ಕೋಡಿಂಗನ್ನು ಪಠ್ಯಪುಸ್ತಕದಲ್ಲಿ ಓದಿ ಬೇಸತ್ತ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನೊಮ್ಮೆ ನೋಡಬೇಕು. ಇದೇ ತಂತ್ರದಿಂದ ಕೆಲವರು ಗುಟ್ಟಾಗಿ ಹರಟೆ ಕೋಣೆಗಳನ್ನೂ ಕಟ್ಟುತ್ತಾರೆ. ಅದಕ್ಕೆ ಅನುಮತಿ ಇಲ್ಲ, ಸಿಕ್ಕಿಬಿದ್ದರೆ ಪ್ರಾಜೆಕ್ಟ್ ಎತ್ತಂಗಡಿ. ನಿಯಮ ಸರಿಯಾದದ್ದೇ, ಚಿಕ್ಕ ಮಕ್ಕಳಿರುವ ಜಾಗವದು. ಆದರೂ ಅಂಥದ್ದೊಂದು ಕಣ್ಣಿಗೆ ಬಿದ್ದರೆ, ಅಳಿಸಿಹೋಗುವ ಮುಂಚೆ ಆ ಪಟ್ಟಿಯನ್ನು ಪೂರ್ತಿ ಓದಿಯೇ ಮುಂದೆ ಹೋಗುತ್ತೇನೆ.