ಶ್ರೀಮತಿ ಸ್ಟೀವನ್ಸ್‌ಗೆ ಸಿಕ್ಕ ಒಂದು ಗಂಟೆ

ಆರ್. ಸಿ. ಶೆರಿಫ್‌ನ 'ದಿ ಫೋರ್ಟ್‌ನೈಟ್ ಇನ್ ಸೆಪ್ಟೆಂಬರ್' (1931) ಕಾದಂಬರಿಯ ಕತೆ ಹೇಳಿ ಎಂದರೆ ಒಂದೇ ಸಾಲು ಸಾಕು: ಲಂಡನ್ನಿನ ಡಲ್ವಿಚ್‌ನಲ್ಲಿರುವ ಒಬ್ಬ ಗುಮಾಸ್ತನ ಸಂಸಾರ ಎರಡು ವಾರ ಬಾಗ್ನರ್ ಎಂಬ ಕಡಲತಡಿಯ ಊರಿಗೆ ಹೋಗಿ ಬರುತ್ತದೆ. ಯಾರೂ ಮುಳುಗುವುದಿಲ್ಲ, ಯಾರೂ ಓಡಿಹೋಗುವುದಿಲ್ಲ. ಓದಿದವರು ಇದನ್ನು ಸಾಮಾನ್ಯವಾಗಿ 'ಹಿತವಾದ ಪುಸ್ತಕ' ಎಂದು ಮೆಚ್ಚುತ್ತಾರೆ. ಆ ಮೆಚ್ಚುಗೆಯ ಬಗ್ಗೆ ನನಗೆ ತಕರಾರಿದೆ. ಈ ಹಿತದ ನಡುವೆಯೇ ಒಬ್ಬ ಹೆಂಗಸು ತನಗೆ ಬೇಡದ ಸಂತೋಷವೊಂದನ್ನು ವರ್ಷ ವರ್ಷವೂ ಮನೆಮಂದಿಗಾಗಿ ನಟಿಸುತ್ತಿದ್ದಾಳೆ.

ಶೆರಿಫ್ ಮೊದಲ ಮಹಾಯುದ್ಧದಲ್ಲಿ ಹೋರಾಡಿ ಗಾಯಗೊಂಡವನು. ಅವನಿಗೆ ಹೆಸರು ತಂದ 'ಜರ್ನೀಸ್ ಎಂಡ್' (1928) ನಾಟಕ ಕಂದಕದೊಳಗೇ ನಡೆಯುತ್ತದೆ. ಅಲ್ಲಿ ಸಾವಿಗೆ ಕಾದು ಕುಳಿತ ಅಧಿಕಾರಿಗಳು ಅನಾನಸಿನ ಡಬ್ಬಿಯಲ್ಲಿ ಏಪ್ರಿಕಾಟ್ ಸಿಕ್ಕಿತೆಂದು, ಚಹಾಕ್ಕೆ ಈರುಳ್ಳಿ ವಾಸನೆ ಹತ್ತಿದೆಯೆಂದು ಮಾತಾಡುತ್ತಾರೆ. ದೊಡ್ಡ ಭಯವನ್ನು ಸಣ್ಣ ವಿವರಗಳಲ್ಲಿ ಅಡಗಿಸುವ ಅದೇ ಕೈ ಇಲ್ಲಿಯೂ ಕೆಲಸ ಮಾಡಿದೆ. ಸ್ಟೀವನ್ಸ್ ಮಹಾಶಯ ಪ್ರಯಾಣದ ಹಿಂದಿನ ರಾತ್ರಿ ಯಾರು ಯಾವ ಕೆಲಸ ಮಾಡಬೇಕೆಂಬ ಪಟ್ಟಿ ಹಿಡಿದು ಕೂರುತ್ತಾನೆ. ಹಕ್ಕಿಯ ಪಂಜರ ಪಕ್ಕದ ಮನೆಗೆ, ಹಾಲಿನವನಿಗೆ ಸೂಚನೆ, ಹಿತ್ತಲ ಬಾಗಿಲಿಗೆ ಚಿಲಕ. ಆ ಪಟ್ಟಿಗೆ ಅವನಿಟ್ಟ ಹೆಸರೂ ಸೈನ್ಯದ್ದೇ.

ಸಂಸಾರ ಊರು ಮುಟ್ಟುವಷ್ಟರಲ್ಲಿ ನಾವು ಬಹಳ ಪುಟಗಳನ್ನು ದಾಟಿರುತ್ತೇವೆ. ಹಾರ್ಶಮ್ ದಾಟಿದ ಹಳಿ ಆರನ್ ನದಿಯ ಕಣಿವೆ ಹಿಡಿದು ಕಡಲಿನತ್ತ ಇಳಿಯುತ್ತದೆ. ಈ ದಾರಿ ಉಳಿದವರಿಗೆ ಸಂಭ್ರಮ. ಶ್ರೀಮತಿ ಸ್ಟೀವನ್ಸ್‌ಗೆ ಮಾತ್ರ ರೈಲು ಬದಲಿಸಬೇಕಾದ ಕ್ಲಾಪಮ್ ಜಂಕ್ಷನ್ನಿನ ಗದ್ದಲವೇ ದುಃಸ್ವಪ್ನ. ಅದು ಮುಗಿಯಿತೆಂದರೆ ಎದುರಿಗೆ ಕಡಲು.

ಅವಳಿಗೆ ಕಡಲೆಂದರೆ ಭಯ. ಅಲೆ ಎದ್ದಾಗಿಗಿಂತ ನೀರು ಅಲುಗದೆ ಮಲಗಿದಾಗಲೇ ಹೆಚ್ಚು ಭಯ. ಇದನ್ನು ಶೆರಿಫ್ ಅಬ್ಬರವಿಲ್ಲದೆ ಹೇಳಿ ಮುಂದೆ ಸಾಗಿಬಿಡುತ್ತಾನೆ. ಆದರೆ ನೆನಪಿಡಬೇಕಾದ ಸಂಗತಿಯೆಂದರೆ ಈ ದಂಪತಿ ಮದುವೆಯಾದ ಹೊಸತರಲ್ಲಿ ಬಂದದ್ದೂ ಇದೇ ಬಾಗ್ನರ್‌ಗೆ. ಅಂದರೆ ಅವಳ ದಾಂಪತ್ಯಕ್ಕೆಷ್ಟು ವಯಸ್ಸೋ ಅವಳ ನಟನೆಗೂ ಅಷ್ಟೇ ವಯಸ್ಸು. (ನಮ್ಮ ಮನೆಗಳ ಪ್ರವಾಸದ ಫೋಟೋಗಳಲ್ಲಿ ಬುತ್ತಿಯ ಚೀಲ ಹಿಡಿದು ಅಂಚಿನಲ್ಲಿ ನಿಂತ ಅಮ್ಮಂದಿರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಅವಳ ನಿಜವಾದ ರಜೆ ದಿನಕ್ಕೊಂದು ಗಂಟೆಯಷ್ಟೇ. ರಾತ್ರಿ ಊಟ ಮುಗಿಸಿ ಗಂಡ, ಮಕ್ಕಳು ಹೊರಗೆ ಹೋಗುತ್ತಾರೆ. ವೈದ್ಯರ ಸಲಹೆಯೆಂಬ ನೆಪದಲ್ಲಿ ತಂದ ಪೋರ್ಟ್ ವೈನಿನ ಒಂದು ಲೋಟ ಎದುರಿಗಿಟ್ಟುಕೊಂಡು ಅವಳು ಕುರ್ಚಿಯಲ್ಲಿ ಒಬ್ಬಳೇ ಕೂರುತ್ತಾಳೆ. ಯಾರೂ ಕರೆಯುವುದಿಲ್ಲ, ಯಾರಿಗೂ ಏನೂ ಬಡಿಸಬೇಕಿಲ್ಲ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಜೀವಂತವಾಗಿ ಕಂಡ ಭಾಗ ಇದು.

ನನ್ನ ಆಕ್ಷೇಪವೂ ಇಲ್ಲಿಂದಲೇ ಶುರುವಾಗುತ್ತದೆ. ಗಂಡನಿಗೆ ಲೇಖಕ ಉದ್ದನೆಯ ಒಂಟಿ ನಡಿಗೆಯನ್ನು ಕೊಡುತ್ತಾನೆ. ಕಚೇರಿಯಲ್ಲಿ ಮೇಲೇರದ ನೋವು, ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ಸ್ಥಾನ ಕಳೆದುಕೊಂಡ ಅವಮಾನ, ಎಲ್ಲವನ್ನೂ ಅವನು ನಡೆಯುತ್ತಲೇ ತೂಗಿ ನೋಡುತ್ತಾನೆ. ಮಗ ಡಿಕ್‌ಗೂ ತನ್ನ ಬದುಕಿನ ಬಗ್ಗೆ ಯೋಚಿಸಲು ಬಿಡುವಿದೆ. ಮಗಳು ಮೇರಿಗೆ ಒಂದು ಪುಟ್ಟ ಪ್ರೇಮವಿದೆ. ತಾಯಿಯ ಮನಸ್ಸಿನೊಳಗೆ ಮಾತ್ರ ಶೆರಿಫ್ ಇಣುಕಿ, ಮರ್ಯಾದೆಯಿಂದ ಹಿಂದೆ ಸರಿಯುತ್ತಾನೆ. ಆ ಸಂಕೋಚವನ್ನು ಹಲವರು ಸೌಜನ್ಯ ಎನ್ನಬಹುದು, ನನಗದು ಹಿಂಜರಿಕೆ. ಆ ಕುರ್ಚಿಯಲ್ಲಿ ಕೂತವಳು ಏನು ಯೋಚಿಸಿದಳೆಂದು ಪೂರ್ತಿ ಬರೆದಿದ್ದರೆ ಬಹುಶಃ ಕಾದಂಬರಿಯ ಹಿತ ಉಳಿಯುತ್ತಿರಲಿಲ್ಲ.

ಆದರೂ ಶೆರಿಫ್ ಕುರುಡನಲ್ಲ. ಅವರು ಪ್ರತಿವರ್ಷ ತಂಗುವ 'ಸೀ ವ್ಯೂ' ಮನೆ ಸವೆಯುತ್ತಿದೆ. ಬೇರೆ ಅತಿಥಿಗಳು ಬರುವುದನ್ನು ನಿಲ್ಲಿಸುತ್ತಿದ್ದಾರೆ. ಮನೆಯೊಡತಿ ಶ್ರೀಮತಿ ಹಗೆಟ್‌ಗೆ ಈ ಸಂಸಾರ ಬರುವುದೇ ಆಸರೆ. ಎಲ್ಲ ಕಾಣುತ್ತಿದ್ದರೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಗೆ ಸ್ಟೀವನ್ಸ್ ರಜೆಗೆ ಇನ್ನೊಂದು ದಿನ ಸೇರಿಸುತ್ತಾನೆ. ಮಕ್ಕಳಿಗೆ ಖುಷಿ, ಹಗೆಟ್‌ಗೆ ಸಮಾಧಾನ. ಹೆಂಡತಿಗೆ ಕಡಲಿನೆದುರು ಇನ್ನೊಂದು ಹಗಲು, ಕುರ್ಚಿಯಲ್ಲಿ ಇನ್ನೊಂದು ಗಂಟೆ.