ಚೀಟಿಯ ಅಕ್ಷರ

ಮೂವತ್ತು ವರ್ಷದಿಂದ ಮಕ್ಕಳ ಅಕ್ಷರ ತಿದ್ದುತ್ತಾ ಬಂದವಳು ನಾನು. ಓದಲು ಬಾರದಂತೆ ಬರೆದವರಿಗೆ ಎರಡು ಅಂಕ ಕಡಿಮೆ ಕೊಡುವುದು ನನ್ನ ಪದ್ಧತಿ. ಈ ಲೆಕ್ಕ ಹಿಡಿದರೆ ಡಾಕ್ಟರರಲ್ಲಿ ಪಾಸಾಗುವವರು ಎಷ್ಟು ಮಂದಿ ಎಂದು ಶಾಲೆಯಲ್ಲಿ ನಗೆಯಾಡುತ್ತಿದ್ದೆವು. ಈಗ ನನಗೆ ಆ ನಗೆ ಬರುವುದಿಲ್ಲ.

ಜವಳಗೇರಾದಲ್ಲಿ ನಮ್ಮ ಓಣಿಯ ಒಬ್ಬಾಕೆ ಭತ್ತದ ನಾಟಿಗೆ ಕೂಲಿ ಹೋಗುವವಳು. ತಲೆ ತಿರುಗುತ್ತದೆಂದು ಖಾಸಗಿ ದವಾಖಾನೆಗೆ ಹೋದಳು. ಚೀಟಿಯಲ್ಲಿ ಆರು ಔಷಧ. ಕೈಯಲ್ಲಿದ್ದ ದುಡ್ಡು ಅರ್ಧಕ್ಕೆ ಸಾಲುವಷ್ಟು. ಅಂಗಡಿಯವನು ಎಲ್ಲವನ್ನೂ ಮುಂದಿಟ್ಟಾಗ ಟಾನಿಕ್ಕಿನ ಸೀಸೆ, ಬಣ್ಣದ ಶಕ್ತಿ ಗುಳಿಗೆ ಆರಿಸಿಕೊಂಡಳು. ಸಣ್ಣ ಬಿಳಿ ಗುಳಿಗೆ ಬಿಟ್ಟಳು.

“ಅಷ್ಟ ಸಣ್ಣ ಗುಳಿಗಿ ಏನ್ ಕೆಲಸ ಮಾಡ್ತದ್ರೀ ಅಕ್ಕಾರ?” ಎಂದು ಚೀಟಿ ತಂದು ನನ್ನನ್ನೇ ಕೇಳಿದ್ದಳು. ಬಿ.ಎ., ಬಿ.ಎಡ್. ಓದಿದ ನಾನು ಚೀಟಿ ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಕೊಟ್ಟೆ. ಅದು ರಕ್ತದೊತ್ತಡದ ಗುಳಿಗೆಯೆಂದು ತಿಳಿದದ್ದು ಎರಡು ತಿಂಗಳ ನಂತರ, ಆಕೆಯ ಬಲಗೈ ಬಿದ್ದುಹೋದ ಮೇಲೆ. ಗುಳಿಗೆ ನುಂಗಿದ್ದರೆ ಹೀಗಾಗುತ್ತಲೇ ಇರಲಿಲ್ಲವೆಂದು ಹೇಳಲಾರೆ. ಆದರೆ ಯಾವುದನ್ನು ಬಿಡಬಾರದೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಸಂತೆಯಲ್ಲಿ ಬದನೆಕಾಯಿ ಕೊಳ್ಳುವವಳು ತಾನೇ ಆರಿಸುತ್ತಾಳೆ, ತಾನೇ ದುಡ್ಡು ಎಣಿಸುತ್ತಾಳೆ. ಔಷಧದಲ್ಲಿ ಆರಿಸುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು. ಅದಕ್ಕೇ ಔಷಧ ಕಂಪನಿಯ ಪ್ರತಿನಿಧಿ ಚೀಲ ಹಿಡಿದು ರೋಗಿಯ ಮನೆಗೆ ಬರುವುದಿಲ್ಲ, ಡಾಕ್ಟರರ ಬಾಗಿಲಿಗೆ ಹೋಗುತ್ತಾನೆ.

ಕಂಪನಿಯ ಹೆಸರು ಬಿಟ್ಟು ಔಷಧದ ಮೂಲ ಹೆಸರು ಬಳಕೆಗೆ ಬರಲಿ ಎಂದು ಹಾಥಿ ಸಮಿತಿ ಹೇಳಿದ್ದು 1975ರಲ್ಲಿ. ಸಾಧ್ಯವಾದಷ್ಟೂ ಮೂಲ ಹೆಸರನ್ನೇ ಬರೆಯಬೇಕೆಂದು ವೈದ್ಯಕೀಯ ಮಂಡಳಿ 2002ರಲ್ಲಿ ನಿಯಮ ಮಾಡಿತು. 2016ರಲ್ಲಿ ಅದನ್ನು ತಿದ್ದಿ, ಅಕ್ಷರ ಸ್ಪಷ್ಟವಾಗಿರಲಿ, ಇಂಗ್ಲಿಷಿನ ದೊಡ್ಡಕ್ಷರವಾದರೆ ಲೇಸು ಎಂದಿತು. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿಯಾದ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. ಜನೌಷಧಿ ಅಂಗಡಿಗಳು 2008ರಲ್ಲೇ ಶುರುವಾದವು. ಅಲ್ಲಿ ಬೆಲೆ ಶೇಕಡಾ 50ರಿಂದ 80ರಷ್ಟು ಕಡಿಮೆ ಎಂದು ಸರ್ಕಾರವೇ ಹೇಳುತ್ತದೆ. ಆದರೆ ಚೀಟಿಯಲ್ಲಿ ಕಂಪನಿಯ ಹೆಸರಿದ್ದರೆ, ಬೇರೆ ಹೆಸರಿನ ಗುಳಿಗೆ ಕೊಳ್ಳಲು ನಮ್ಮ ಜನ ಅಂಜುತ್ತಾರೆ.

ಅಗ್ಗದ ಔಷಧದ ಗುಣಮಟ್ಟವನ್ನು ನಂಬುವುದು ಹೇಗೆ ಎಂದು ಡಾಕ್ಟರರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ, ಸರ್ಕಾರ ಪರೀಕ್ಷೆ ಬಿಗಿಗೊಳಿಸಿ ಉತ್ತರ ಕೊಡಬೇಕು. ಆದರೆ ಗುಣಮಟ್ಟದ ಚಿಂತೆ ಟಾನಿಕ್ಕು ಬರೆಯುವುದಕ್ಕೆ ನೆಪವಾಗಬಾರದು. ತಪ್ಪು ನಮ್ಮದೂ ಇದೆ. “ಸೂಜಿ ಮಾಡ್ಲಿಲ್ಲಂದ್ರ ಎಂಥ ಡಾಕ್ಟ್ರು?” ಎನ್ನುವವರು ನಾವೇ. ಕಡಿಮೆ ಬರೆದವರನ್ನು ಬಿಟ್ಟು ಹೆಚ್ಚು ಬರೆದವರ ಬಳಿ ಹೋಗುತ್ತೇವೆ.

ಈಗ ಏಳನೆಯ ತರಗತಿಯಲ್ಲಿ ಮಕ್ಕಳಿಗೆ ಖಾಲಿಯಾದ ಗುಳಿಗೆ ಪಟ್ಟಿ ತರಲು ಹೇಳುತ್ತೇನೆ. ಕಂಪನಿಯ ಹೆಸರು ಬಿಟ್ಟು ಔಷಧದ ಮೂಲ ಹೆಸರು ಓದಿಸುತ್ತೇನೆ. ಕ್ರೋಸಿನ್, ಕ್ಯಾಲ್ಪಾಲ್ ಎರಡರ ಮೇಲೂ ಪ್ಯಾರಾಸಿಟಮಾಲ್ ಎಂದೇ ಇರುವುದನ್ನು ಕಂಡು ಹುಡುಗರು ಬೆರಗಾಗುತ್ತಾರೆ. ದವಾಖಾನೆಗೆ ಹೋದಾಗ ಕೇಳಬೇಕಾದ ಒಂದು ಮಾತನ್ನೂ ಬರೆಸಿದ್ದೇನೆ: “ಇದರಾಗ ಬಿಡಬಾರದ್ದು ಯಾವುದ್ರೀ, ಸಾಹೇಬ್ರ?”

ಆ ಚೀಟಿ ಕೈಗೆ ಬಂದ ದಿನ ನಾನೂ ಈ ಮಾತು ಕೇಳಿಬರಲು ಹೇಳಬಹುದಿತ್ತು. ಹೇಳಲಿಲ್ಲ.